ಹಿಡಿಕೆಯ ಕೆಳಗಿನ ಗುರುತು

ಆ ರಿವಾಲ್ವರ್ ನೋಡಲು ಮುಂಡಗೋಡಕ್ಕೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಹೋದಾಗ ಅದು ಪೊಲೀಸ್ ಠಾಣೆಯಲ್ಲಿತ್ತು. ಚುನಾವಣೆ ಬಂದರೆ ಲೈಸೆನ್ಸ್ ಇರುವವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ನನಗೆ ಗೊತ್ತಿಲ್ಲದ ಸಂಗತಿಯಲ್ಲ. ನನ್ನ ಒಂಟಿ ನಳಿಗೆಯ ಬಂದೂಕನ್ನು ಅದೇ ವಾರ ದಾಂಡೇಲಿಯ ಠಾಣೆಗೆ ಕೊಟ್ಟು ಬಂದಿದ್ದೆ. ಆದರೂ ಹಳಿಯಾಳದಲ್ಲಿ ಬಸ್ಸು ಬದಲಿಸಿ, ಮುಂದೆ ಇನ್ನೊಮ್ಮೆ ಬದಲಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಕಿ ಗಿರಣಿಯ ಬಾಗಿಲಿಗೆ ಹೋಗಿ ನಿಂತಾಗ ಅದರ ಮಾಲೀಕ, "ಅದು ಇಲ್ಲೆಲ್ಲೈತ್ರಿ ಸರ? ಇಲೆಕ್ಷನ್ ಅಲ್ಲೇನು? ಠಾಣೆದಾಗ ಐತಿ" ಎಂದ ಮೇಲೆಯೇ ನನಗೆ ಹೊಳೆದದ್ದು.

ಇಂಥದ್ದು ಆಗಾಗ ಆಗುತ್ತಿದೆ. ಐವತ್ತು ದಾಟಿದವರಿಗೆಲ್ಲ ಆಗುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ನನ್ನ ಚಿಂತೆ ಬೇರೆ. ಮರೆತುಹೋದದ್ದರ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಚೆನ್ನಾಗಿ ನೆನಪಿದೆ ಎಂದುಕೊಂಡದ್ದು ನಡೆದೇ ಇಲ್ಲದಿದ್ದರೆ ಎಂಬುದೇ ನನ್ನನ್ನು ಕಾಡುತ್ತಿತ್ತು. ರಿವಾಲ್ವರಿನ ಹಿಂದೆ ಬಿದ್ದದ್ದು ಅದಕ್ಕಾಗಿ.

ಅದು ಮೊದಲು ನಮ್ಮ ತಂದೆಯದು. ಜೋಯಿಡಾ ತಾಲ್ಲೂಕಿನ ಕುಂಬಾರವಾಡದ ಆಚೆ ಅವರು ಕಟ್ಟಿಗೆ ಗುತ್ತಿಗೆ ಹಿಡಿಯುತ್ತಿದ್ದರು. ಕೂಲಿಯವರ ವಾರದ ಬಟವಾಡೆಯ ಹಣದ ಚೀಲ ಹಿಡಿದು ಕಾಡಿನ ದಾರಿಯಲ್ಲಿ ಒಬ್ಬರೇ ಹೋಗಬೇಕಾದ್ದರಿಂದ ಲೈಸೆನ್ಸ್ ಮಾಡಿಸಿ, ನಿವೃತ್ತ ಸೈನಿಕರೊಬ್ಬರಿಂದ ಆ ಹಳೆಯ ವಿಲಾಯತಿ ರಿವಾಲ್ವರ್ ಕೊಂಡಿದ್ದರು. ಕಾಡಿನಲ್ಲಿ ಮರ ಕಡಿತ ನಿಂತ ಮೇಲೆ ಅದನ್ನು ಮುಂಡಗೋಡದ ಗಿರಣಿಯವರಿಗೆ ಮಾರಿದರು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ತಂದೆ ತೀರಿಕೊಂಡ ಮೇಲೆ ಅವರ ಬಳಿ ಉಳಿದಿದ್ದ ಒಂಟಿ ನಳಿಗೆಯ ಬಂದೂಕು ವಾರಸಿನಿಂದ ನನ್ನ ಹೆಸರಿಗೆ ಬಂತು. ದಾಂಡೇಲಿಯ ಬಂಗೂರನಗರದಲ್ಲಿ ಕಾಲೇಜು ಹುಡುಗರಿಗೆ ಇತಿಹಾಸ ಹೇಳುವವನಿಗೆ ಆ ಒಂದೇ ಹೆಚ್ಚಾಗಿತ್ತು.

ನನಗೆ ನೆನಪಿರುವುದು ಇದು. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ. ನನಗೆ ಹತ್ತು ವರ್ಷ, ಅಣ್ಣನಿಗೆ ಹದಿನಾಲ್ಕು. ತಂದೆ ಗುಂಡು ತೆಗೆದಿಟ್ಟು ಸ್ನಾನಕ್ಕೆ ಹೋಗಿದ್ದರು. ರಿವಾಲ್ವರನ್ನು ಪೂಜೆಯ ಮಣೆಯ ಮೇಲೆ ನಾನೇ ಇಡಬೇಕೆಂಬ ಆಸೆಯಿಂದ ಎರಡೂ ಕೈಯಲ್ಲಿ ಎತ್ತಿದೆ. ಅಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಕೈ ಜಾರಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಹಿಡಿಕೆಯ ಮರದಿಂದ ಅಡಿಕೆ ಹೋಳಿನಷ್ಟು ಚೂರು ಹಾರಿತು. ನಾನು ಹಿತ್ತಲಿಗೆ ಓಡಿದೆ. ಅಣ್ಣ ಅದನ್ನು ಎತ್ತಿಕೊಂಡು ನಿಂತಿದ್ದಾಗ ತಂದೆ ಬಂದರು. ಬೆಲ್ಟಿನ ಸದ್ದು ಹಿತ್ತಲಿಗೂ ಕೇಳಿಸಿತು. ಅಣ್ಣ ನನ್ನ ಹೆಸರು ಹೇಳಲಿಲ್ಲ.

ನಲವತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಹಳಿಯಾಳದಲ್ಲಿ ಅಣ್ಣನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತಿದ್ದಾಗ, ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿ, ಹೇಳಿ ಕ್ಷಮೆ ಕೇಳಿದೆ. ಅವನು ನಕ್ಕುಬಿಟ್ಟ.

"ಏನು ಬಿದ್ದದ್ದು, ಯಾರು ಬಡದದ್ದು? ತಮ್ಮಾ, ಅಂಥಾದ್ದೇನೂ ಆಗಿಲ್ಲ. ನೀ ಎಲ್ಲೋ ಕನಸ ಕಂಡಿ."

"ಹಿಡಿಕಿ ಮುರದಿತ್ತಲ್ಲೋ ಅಣ್ಣಾ?"

"ಹಿಡಿಕಿ ಛಲೋನ ಇತ್ತು. ಚಹಾ ಕುಡಿ, ಆರತೈತಿ."

ಅಂದಿನಿಂದ ನನಗೆ ಸಮಾಧಾನವಿಲ್ಲ. ಒಂದು ತಪ್ಪಿನ ಭಾರ ಇಳಿಯಿತೆಂದು ಸಂತೋಷಪಡಬೇಕಿತ್ತು. ಬದಲಿಗೆ, ಇಷ್ಟು ಸ್ಪಷ್ಟವಾಗಿ ನೆನಪಿರುವುದೇ ಸುಳ್ಳಾದರೆ ತಂದೆಯ ಬಗ್ಗೆ, ಆ ಮನೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಯಾವುದನ್ನು ನಂಬಲಿ ಎಂಬ ಕಿರಿಕಿರಿ ಶುರುವಾಯಿತು. ಒಬ್ಬನೇ ಸಾಕ್ಷಿಯ ಮಾತನ್ನು ವಸ್ತುವಿನ ಎದುರು ಇಟ್ಟು ನೋಡಿ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತೇನೆ. ಇಲ್ಲಿ ವಸ್ತು ಇನ್ನೂ ಮುಂಡಗೋಡದಲ್ಲಿತ್ತು. ಗಿರಣಿಯ ಹಿರಿಯರು ತೀರಿಕೊಂಡು, ಮಗ ಅದನ್ನು ಮಾರುತ್ತಾನೆಂದು ತಿಳಿದಾಗ ನಾನು ಅರ್ಜಿ ಹಾಕಿದೆ. ಲೈಸೆನ್ಸಿನಲ್ಲಿ ಇನ್ನೊಂದು ಆಯುಧ ಸೇರಿಸಲು ಎಷ್ಟು ಸಲ ಕಾರವಾರದ ಬಸ್ಸು ಹತ್ತಿದೆನೋ ಲೆಕ್ಕವಿಲ್ಲ. ಫೋಟೋ ಚಿಕ್ಕದಾಯಿತು ಎಂದರು. ದೊಡ್ಡದು ಒಯ್ದರೆ ಬೆನ್ನಿಗೆ ಸಹಿ ಇಲ್ಲ ಎಂದರು. ಅಂತೂ ಅನುಮತಿ ಸಿಕ್ಕಿ, ಅದರ ಅವಧಿ ಮುಗಿಯಲು ಮೂರು ತಿಂಗಳಿರುವಾಗ ಚುನಾವಣೆ ಬಂತು.

ಚುನಾವಣೆ ಮುಗಿದು ರಿವಾಲ್ವರ್ ಗಿರಣಿಗೆ ಮರಳಿದ ಮೇಲೆ, ಎರಡನೇ ಸಲ ಹೋಗುವಾಗ ಚಾಚಾನನ್ನು ಕರೆದುಕೊಂಡು ಹೋದೆ. ದಾಂಡೇಲಿಯಲ್ಲಿ ಒಂದು ಕಾಲಕ್ಕೆ ಬಂದೂಕು ರಿಪೇರಿಯ ಲೈಸೆನ್ಸ್ ಇದ್ದವನು ಅವನೊಬ್ಬನೇ. ಈಗ ಎಪ್ಪತ್ತೈದರ ಮೇಲಾಗಿದೆ; ಪಂಪ್‌ಸೆಟ್ಟು, ವೆಲ್ಡಿಂಗು ಮಾಡುತ್ತಾನೆ. ಬಸ್ಸಿನಲ್ಲಿ ಉದ್ದಕ್ಕೂ ಹೇಳಿಕೊಂಡೇ ಬಂದ.

"ಮಾಸ್ತರ, ಮಂದಿ ಮಾರಿ ಮರೀತೇನಿ, ಹೆಸರು ಮರೀತೇನಿ. ಆದ್ರ ನನ್ನ ಕೈಗೆ ಬಂದು ಹೋದ ಬಂದೂಕ ಮರೆಯಂಗಿಲ್ಲ. ಕಣ್ಣು ಕಟ್ಟಿ ಕೈಯಾಗ ಕೊಡ್ರಿ, ಯಾರದು ಅಂತ ಹೇಳ್ತೇನಿ."

"ನಮ್ಮಪ್ಪನ ರಿವಾಲ್ವರ್ ನಿನ್ನ ಕಡೆ ಬಂದಿತ್ತೇನು ಚಾಚಾ?"

"ಇಲ್ಲ. ಬಂದಿದ್ರ ನೆನಪಿರತಿತ್ತು."

ಅವನ ಧೈರ್ಯ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಗಿರಣಿಯ ಆಫೀಸಿನಲ್ಲಿ ಮಾಲೀಕ ಟವೆಲ್ಲಿನಲ್ಲಿ ಸುತ್ತಿದ್ದ ರಿವಾಲ್ವರನ್ನು ಮೇಜಿನ ಮೇಲೆ ಬಿಚ್ಚಿದ. ಠಾಣೆಯಲ್ಲಿ ಕಟ್ಟಿದ ಚೀಟಿ, ಅರಗಿನ ಚೂರು ಇನ್ನೂ ಅದಕ್ಕೆ ಅಂಟಿಕೊಂಡಿದ್ದವು. ನಾನು ನೋಡಿದ್ದು ಹಿಡಿಕೆಯನ್ನು ಮಾತ್ರ. ಮರದ್ದಲ್ಲ. ಕಪ್ಪು ಪ್ಲಾಸ್ಟಿಕ್ಕು.

"ಹಿಡಿಕಿ ಬದಲಾಗೇತಲ್ರಿ?"

"ನಾ ಕಂಡಾಗಿಂದ ಇದ ಐತ್ರಿ ಸರ. ಅಪ್ಪಾರ ಕಾಲದ್ದು."

"ಹಳೇದು ಎಲ್ಲೈತಿ?"

"ಹಳೇದು ಇತ್ತು ಅಂತನ ನನಗ ಈಗ ಗೊತ್ತಾತು."

ಎರಡು ವರ್ಷದ ಓಡಾಟ ನನ್ನ ಕಣ್ಣೆದುರು ಹಾದುಹೋಯಿತು. ಎದ್ದು ಹೋಗಿಬಿಡೋಣ ಎನಿಸಿತು. ಚಾಚಾ ಮಾತ್ರ ಯಾವ ಅವಸರವೂ ಇಲ್ಲದೆ ಕನ್ನಡಕ ಒರೆಸಿಕೊಂಡು, ಚೀಲದಿಂದ ಟಾರ್ಚು, ಸ್ಕ್ರೂಡ್ರೈವರು, ಮಡಚಿದ ಬಿಳಿ ಕಾಗದ ತೆಗೆದಿಟ್ಟ. ಮೊದಲು ಚಿಲಕ ಒತ್ತಿ, ರಿವಾಲ್ವರನ್ನು ನಡು ಬಗ್ಗಿಸಿದಂತೆ ತೆರೆದು, ಗುಂಡು ಕೂರುವ ಆರೂ ಮನೆ ಖಾಲಿ ಇರುವುದನ್ನು ತಾನು ನೋಡಿ, ನಮ್ಮಿಬ್ಬರಿಗೂ ತೋರಿಸಿದ.

"ಖಾಲಿ ಐತಿ ಅಂತ ಬಾಯಿಲೆ ಹೇಳಿದ್ದು ಕೇಳಿ ಸತ್ತವರದಾರ" ಎಂದ. ನಂತರ ಕಾಗದದ ಮೇಲೆ ಟಾರ್ಚಿನ ಬೆಳಕು ಬಿಟ್ಟು, ಆ ಬಿಳುಪಿನಲ್ಲಿ ನಳಿಗೆಯೊಳಗೆ ಕಣ್ಣಿಟ್ಟ. ಒಳಗಿನ ಗೆರೆಗಳು ಸವೆದಿದ್ದವು. ಬಾಯಿಯ ಹತ್ತಿರ ತುಕ್ಕು ತಿಂದ ಕುಳಿಗಳಿದ್ದವು. ಮುಚ್ಚಿ, ಹಿಂದಿನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು, ಗುಂಡಿನ ಚಕ್ರ ತಿರುಗಿ ಕೂಡುತ್ತದೋ ಇಲ್ಲವೋ ಎಂದು ಒಂದೊಂದೇ ಮನೆಗೆ ಅಲುಗಾಡಿಸಿ ನೋಡಿದ. ಐದು ಟಕ್ ಎಂದು ಕೂತವು. ಆರನೆಯದು ಕೂಡಲಿಲ್ಲ. ಮೂರು ಸಲ ಮಾಡಿ ನೋಡಿದ. ಮೂರು ಸಲವೂ ಅದೇ.

"ಈ ಮನಿ ನಳಿಗಿಗೆ ನೇರ ಬರಂಗಿಲ್ಲ. ಗುಂಡು ಅಂಚಿಗೆ ಬಡದು ಚೂರು ಹಾರತಾವ. ಚಕ್ರದ ಮ್ಯಾಲಿನ ನಂಬರ ಬ್ಯಾರೆ, ಮೈಮ್ಯಾಲಿಂದ ಬ್ಯಾರೆ. ಚಕ್ರ ಇದರದಲ್ಲ."

"ಚಾಚಾ, ವಿಲಾಯತಿ ಮಾಲದು" ಎಂದ ಮಾಲೀಕ.

"ವಿಲಾಯತಿ ಮಂದಿಗೆ ವಯಸ್ಸಾಗಂಗಿಲ್ಲೇನು?"

ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದವನು ನಗತೊಡಗಿದ. ಬೆರಳಿನಿಂದ ಎಳೆಯುವ ಕುದುರೆಯ ಮೇಲಿನ ಭಾಗದಲ್ಲಿ, ಎರಡೂ ಬದಿಗೆ, ಕಪ್ಪು ಬಣ್ಣ ಹೋಗಿ ಮೂರು ಅಡ್ಡ ಗೆರೆಗಳಲ್ಲಿ ಕಬ್ಬಿಣ ಕುಳಿಬಿದ್ದಿತ್ತು.

"ಇದನ್ನ ಯಾರ ಹಣಿ ಅಂತ ತಿಳದ್ರಿ ಮಾಸ್ತರ? ನೀರಾಗ ಕಲಸಿದ ವಿಭೂತಿ! ಹಚ್ಚಿ, ಮುಟ್ಟಬಾರದು ಅಂತ ಮರುದಿನದ ತನಕ ಹಂಗ ಬಿಟ್ಟೀರಿ. ನಿಮ್ಮ ಮಂದಿ ಬಂದೂಕ ಹೊಡದು ಕೆಡಸಂಗಿಲ್ಲ, ಪೂಜಾ ಮಾಡಿ ಕೆಡಸ್ತೀರಿ. ಈ ಕಡೆ ನಾ ನೋಡಿದ ಬಂದೂಕೆಲ್ಲಾ ಹಿಂಗ."

"ನಿನ್ನ ಡ್ರಿಲ್ ಮಷೀನಿಗೂ ಹಾರ ಬೀಳತೈತಲ್ಲ ಚಾಚಾ?"

"ಬೀಳತೈತಿ. ಸಂಜಿಗೆ ನಾ ಎಣ್ಣಿ ಅರಿವಿಲೆ ಒರಸ್ತೇನಿ. ನೀವು ಒರಸೂದು ಪಾಪ ಅಂತೀರಿ."

ನಾನೂ ನಕ್ಕೆ, ಆದರೆ ಒಳಗೆ ಕಸಿವಿಸಿಯಾಯಿತು. ತಂದೆ ರಿವಾಲ್ವರಿಗೆ ವಿಭೂತಿ ಹಚ್ಚಿದ್ದು ನನಗೆ ನೆನಪಿಲ್ಲ. ನನ್ನ ನೆನಪಿನಲ್ಲಿರುವುದು ಒಂದು ಕುಂಕುಮದ ಬೊಟ್ಟು. ಗೆರೆಗಳು ತಂದೆಯವೋ ಗಿರಣಿಯವರವೋ? ಅವರೂ ಲಿಂಗ ಕಟ್ಟಿಕೊಂಡವರು, ಅವರೂ ಖಂಡೇಪೂಜೆ ಮಾಡುವವರು. ವಸ್ತು ಮಾತಾಡುತ್ತಿತ್ತು, ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ.

"ಬಿದ್ದಿತ್ತೇನು ಅಂತ ಹೇಳಬಹುದೇನು?" ಎಂದು ಕೇಳಿದೆ.

"ಹಿಡಿಕಿ ಬಿಚ್ಚಬೇಕು. ಕಟ್ಟಿಗಿ ಒಡದು ಹಾರಿದ್ರ ಕೆಳಗಿನ ಕಬ್ಬಿಣಕ್ಕೂ ಪೆಟ್ಟು ಬಿದ್ದಿರತೈತಿ."

ಮಾಲೀಕ ಒಪ್ಪಿದ. ಒಂದೇ ಸ್ಕ್ರೂ. ಪ್ಲಾಸ್ಟಿಕ್ಕಿನ ಎರಡು ಹೋಳು ಕಳಚಿ ಬಂದವು. ಕೆಳಗೆ ಹಳೆಯ ಎಣ್ಣೆ ಒಣಗಿ ಮೇಣದಂತಾಗಿತ್ತು. ಚಾಚಾ ಬಟ್ಟೆಯಿಂದ ಒರೆಸಿ, ಟಾರ್ಚು ಹಿಡಿದ. ಎಡಬದಿಯ ಕೆಳಗಿನ ಮೂಲೆಯಲ್ಲಿ ಕಬ್ಬಿಣದ ಅಂಚು ಒಳಕ್ಕೆ ಮಡಚಿತ್ತು. ಅದನ್ನು ಯಾರೋ ಅರದಿಂದ ಉಜ್ಜಿ ಸಮ ಮಾಡಿದ್ದರು. ಅದರ ಪಕ್ಕದಲ್ಲಿ ಮೂರು ಸಣ್ಣ ಚುಕ್ಕೆ ಕುಟ್ಟಿದ ಗುರುತು.

"ಬಿದ್ದಿತ್ತು ಹಂಗಾದ್ರ?"

ಚಾಚಾ ಹೆಬ್ಬೆರಳಿನ ಉಗುರನ್ನು ಆ ಚುಕ್ಕೆಗಳ ಮೇಲೆ ಆಡಿಸುತ್ತಿದ್ದ.

"ಬಿದ್ದದ್ದು ಖರೇ" ಎಂದ ಕೊನೆಗೆ. "ಈ ಚುಕ್ಕಿ ನಂದು. ಕೆಲಸ ಮಾಡಿದ ಮ್ಯಾಲೆ ಒಳಗಿನ ಬಾಜೂ ಹಿಂಗ ಕುಟ್ಟತಿದ್ದೆ. ಇದು ನಾ ಮಾಡಿದ ರಿಪೇರಿ."

"ಯಾರು ತಂದಿದ್ರು? ನಮ್ಮಪ್ಪಾನೋ, ಇವರ ಅಪ್ಪಾರೋ?"

"ಗೊತ್ತಿಲ್ಲ."

"ನೆನಪ ಮಾಡ್ಕೋ ಚಾಚಾ. ಕಟ್ಟಿಗಿ ಹಿಡಿಕಿ, ಚೂರು ಹಾರಿತ್ತು..."

"ಮಾಸ್ತರ, ನನಗ ಈ ಬಂದೂಕ ನೋಡಿದ್ದ ನೆನಪಿಲ್ಲ." ಅವನ ಮುಖ ಇಳಿದುಹೋಗಿತ್ತು. ನನಗೆ ಅವನ ಮೇಲೆ ಸಿಟ್ಟು ಬಂತು. ಬರಬಾರದಿತ್ತು. ಬಸ್ಸಿನಲ್ಲಿ ಅಷ್ಟು ಕೊಚ್ಚಿಕೊಂಡವನು, ತನ್ನದೇ ಕೈಯ ಗುರುತಿನ ಎದುರು ಕೂತು ಏನೂ ಗೊತ್ತಿಲ್ಲ ಎನ್ನುತ್ತಿದ್ದ. ರಿವಾಲ್ವರನ್ನು ನಾನು ಬೀಳಿಸಿ ತಂದೆ ರಿಪೇರಿ ಮಾಡಿಸಿರಬಹುದು. ಗಿರಣಿಯವರು ಬೀಳಿಸಿ ಅವರು ಮಾಡಿಸಿರಬಹುದು. ಮುಂಡಗೋಡದಿಂದಲೂ ಜನ ಅವನ ಹತ್ತಿರ ಬರುತ್ತಿದ್ದರು.

"ತಗೋತೀರೇನ್ರಿ ಸರ?" ಎಂದು ಮಾಲೀಕ ಕೇಳಿದ. ಅನುಮತಿಯ ಅವಧಿ ಆ ತಿಂಗಳ ಕೊನೆಯವರೆಗಿತ್ತು; ಅಷ್ಟರೊಳಗೆ ಹೇಳುತ್ತೇನೆ ಎಂದೆ. ಗುಂಡು ಹಾರಿಸಲಾಗದಿದ್ದರೂ ಪೆಟ್ಟು ಬಿದ್ದ ಆ ಮೂಲೆಯನ್ನು ಮನೆಯಲ್ಲಿಟ್ಟುಕೊಳ್ಳಬೇಕೆಂಬ ಹುಚ್ಚು ನನಗಿನ್ನೂ ಇತ್ತು.

ಬಸ್ ಸ್ಟ್ಯಾಂಡಿನಿಂದ ಅಣ್ಣನಿಗೆ ಫೋನ್ ಮಾಡಿ, ಹಳಿಯಾಳದಲ್ಲಿ ಇಳಿದು ಅಂಗಡಿಗೆ ಬರುತ್ತೇನೆಂದು ಹೇಳಿದೆ. ಹುಬ್ಬಳ್ಳಿಯ ಬಸ್ಸು ಪಕ್ಕದಲ್ಲೇ ಗುರುಗುಡುತ್ತಿತ್ತು. ಅರ್ಧ ಕೂಗಿಯೇ ಮಾತಾಡಿದೆ. ಚಾಚಾ ನನ್ನ ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದ.

ಅಣ್ಣ ಅಂಗಡಿಯಲ್ಲಿ ಭತ್ತದ ಬೀಜದ ಪೊಟ್ಟಣಗಳನ್ನು ಕಪಾಟಿಗೆ ಜೋಡಿಸುತ್ತಿದ್ದ. ನಾನು ಎಲ್ಲ ಹೇಳಿದೆ: ಪ್ಲಾಸ್ಟಿಕ್ ಹಿಡಿಕೆ, ಕೂಡದ ಆರನೇ ಮನೆ, ಚಾಚಾನ ಚುಕ್ಕೆ. ಹಿಡಿಕೆಯ ಕೆಳಗೆ ಕಬ್ಬಿಣಕ್ಕೆ ಪೆಟ್ಟು ಬಿದ್ದದ್ದು ಕಂಡಿತು ಎಂದೆ.

"ಎಡಗಡಿ ಮೂಲಿಗಿ" ಎಂದ ಅಣ್ಣ, ಬೆನ್ನು ತಿರುಗಿಸಿಕೊಂಡೇ.

ನಾನು ಕೂತಲ್ಲಿಂದ ಎದ್ದೆ.

"ಯಾವ ಮೂಲಿ ಅಂತ ನಾ ಹೇಳಿಲ್ಲಲ್ಲ ಅಣ್ಣಾ."

"ಹೇಳಿದಿ. ಫೋನಿನ್ಯಾಗ ಹೇಳಿದಿ."

"ಹೇಳಿಲ್ಲ."

"ಹೇಳಿಲ್ಲಂದ್ರ ನನಗ ಹೆಂಗ ಗೊತ್ತಾಗತಿತ್ತು?" ಪೊಟ್ಟಣ ಜೋಡಿಸುವುದನ್ನು ಅವನು ನಿಲ್ಲಿಸಲಿಲ್ಲ. "ತಮ್ಮಾ, ನೀ ಏನರ ಮಾಡು. ಅದನ್ನ ಮಾತ್ರ ಮನಿಗೆ ತರಬ್ಯಾಡ."

"ಯಾಕ? ಏನೂ ಆಗಿಲ್ಲ ಅಂದಿದ್ದಿ."

"ತರಬ್ಯಾಡ ಅಂದೆ, ಅಷ್ಟ."

ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಚಾಚಾನ ಜೊತೆ ದಾಂಡೇಲಿಯ ಬಸ್ಸಿನಲ್ಲಿ ಕೂತು ಆ ಫೋನಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಕಟ್ಟಲು ನೋಡಿದೆ. ಬರುತ್ತೇನೆ ಎಂದೆ. ನೋಡಿದೆವು ಎಂದೆ. ಪೆಟ್ಟು ಐತಿ ಎಂದಿದ್ದೆನೇ? ಎಡಗಡೆ ಎಂದಿದ್ದೆನೇ? ಮೂರ್ನಾಲ್ಕು ತಾಸಿನ ಹಿಂದಿನ ಮಾತು. ಒಮ್ಮೆ ಅಂದಂತೆಯೇ ಕೇಳಿಸಿತು. ಇನ್ನೊಮ್ಮೆ ಇಲ್ಲ ಎನಿಸಿತು. ಫೋನು ತೆಗೆದು ನೋಡಿದರೆ ಕರೆ ಮಾಡಿದ ಹೊತ್ತು ಇತ್ತು, ಎಷ್ಟು ನಿಮಿಷ ಮಾತಾಡಿದೆ ಎಂಬುದಿತ್ತು.

"ಚಾಚಾ, ನೀ ಬಾಜೂಕ ನಿಂತಿದ್ದಿ. ನಾ ಫೋನಿನ್ಯಾಗ ಎಡಗಡೆ ಅಂತ ಅಂದ್ನೇನು?"

ಅವನು ಕಿಟಕಿಯಿಂದ ತಲೆ ತಿರುಗಿಸಲಿಲ್ಲ. "ಇವತ್ತ ನನ್ನ ಏನೂ ಕೇಳಬ್ಯಾಡ್ರಿ ಮಾಸ್ತರ" ಎಂದ.

ತಿಂಗಳ ಕೊನೆಯ ವಾರ ಗಿರಣಿಯವನು ಎರಡು ಸಲ ಫೋನ್ ಮಾಡಿದ. ಬೇಡ ಎಂದೆ. ಕಾರಣ ಕೇಳಿದಾಗ ಚಕ್ರ ಕೂಡುವುದಿಲ್ಲವಲ್ಲ ಎಂದೆ. ಅಣ್ಣ ಬೇಡ ಎಂದ ಎಂದು ಹೇಳಲು ಬಾಯಿ ಬರಲಿಲ್ಲ. ಅನುಮತಿಯ ಅವಧಿ ಮುಗಿಯಿತು.

ಈ ಸಲ ಖಂಡೇಪೂಜೆಗೆ ಒಂಟಿ ನಳಿಗೆಯ ಬಂದೂಕನ್ನು ಮಣೆಯ ಮೇಲಿಟ್ಟು, ವಿಭೂತಿಯನ್ನು ಒಣದಾಗಿ ಹಚ್ಚಿ, ಸಂಜೆಗೇ ಎಣ್ಣೆ ಬಟ್ಟೆಯಿಂದ ಒರೆಸಿದೆ. ಪೂಜೆಗೆ ಬಂದಿದ್ದ ಅಣ್ಣ ನೋಡುತ್ತ ನಿಂತಿದ್ದ. ಬಂದೂಕನ್ನು ಎತ್ತಿ ಒಳಗಿಡು ಎಂದು ಅವನ ಕೈಗೆ ಕೊಡಲು ಹೋದೆ. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು, "ನೀನ ಇಡು" ಎಂದ.