ಹಡಗಿನ ಕಾಕಾನ ಎಡಗಣ್ಣು

ಹೋದ ವಾರ ಖಾನಾಪುರದ ಬಸ್ ಸ್ಟ್ಯಾಂಡ್ ಬದಿಯ ಗ್ಯಾರೇಜಿನಿಂದ ಕಾದ ಎಂಜಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹಡಗಿನ ಕಾಕಾ ರಜೆಗೆ ಬಂದಾಗ ಅವರ ಬ್ಯಾಗಿನಿಂದ ಇದೇ ವಾಸನೆ ಬರುತ್ತಿತ್ತು...

ಬೆಳಗಾವಿಯ ಶಿವಬಸವ ನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಮೂಲ ಊರು ನಂದಗಡ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ಅವರ ಪಾಲಿಗೆ 'ಬಾಯಾರು'. ಹೊರಡುವ ಮುಂಚೆ ಕಾಕಾ ಪ್ರತಿಸಲ ಕರಾರುಪತ್ರ ತಂದು ನನ್ನಿಂದ ಓದಿಸುತ್ತಿದ್ದರು. ಗಾಯವಾದರೆ ಬಂದರು ಸೇರಿದ ಕೂಡಲೇ ಡಾಕ್ಟರಿಗೆ ತೋರಿಸಬೇಕು ಎಂಬ ಸಾಲು ಬಂದಾಗ, "ಇದನ್ನ ಇನ್ನೊಮ್ಮೆ ಓದ್ರಿ ಬಾಯಾರ" ಎನ್ನುತ್ತಿದ್ದರು.

ಕೊನೆಯ ಸಲ ಹೋದಾಗ ಪೈಪು ಒಡೆದು ಬಿಸಿ ಎಣ್ಣೆ ಎಡಗಣ್ಣಿಗೆ ಸಿಡಿಯಿತು. ಹಡಗು ಬಂದರು ಸೇರಿತು. ಕ್ಯಾಪ್ಟನ್ ಇವರನ್ನು ಇಳಿಸಲಿಲ್ಲ. ಜನ ಕಡಿಮೆ ಇದ್ದಾರೆ, ಮುಂದಿನ ಬಂದರಿನಲ್ಲಿ ನೋಡೋಣ ಎಂದನಂತೆ. ಅಲ್ಲಿಯೂ ಅದೇ ಮಾತು. ಕಾಕಾ ಕರಾರುಪತ್ರ ಹಿಡಿದು ಅವನೆದುರು ನಿಂತರೆ, ಅವನು ಅದನ್ನು ಓದಿ, ಮಡಚಿ, ಇವರ ಜೇಬಿಗೇ ತುರುಕಿದನಂತೆ!

ಕಾಕಾ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ, ಅವರ ಹೆಂಡತಿ ಕಾಕು ಅಳುತ್ತಾ ಮೊಬೈಲ್ ಹಿಡಿದು ನಮ್ಮ ಮನೆಗೆ ಬಂದರು. ಮುಂಬಯಿಯ ಏಜೆಂಟನಿಗೆ ಫೋನ್ ಮಾಡಿದೆ. ಮಾಲೀಕನನ್ನು ಕೇಳಿ ಎಂದ. ಮಾಲೀಕ ಒಂದು ದೇಶದಲ್ಲಿ, ಹಡಗಿನ ಮೇಲೆ ಹಾರುವ ಧ್ವಜ ಇನ್ನೊಂದು ದೇಶದ್ದು. ಇವನು ಅವನನ್ನು ತೋರಿಸುವುದು, ಅವನು ಇವನನ್ನು ತೋರಿಸುವುದು. ಇಲ್ಲಿನ ಸರ್ಕಾರಿ ಕಚೇರಿಯೊಂದಕ್ಕೆ ಹೋದರೆ ಗುಮಾಸ್ತ ನಕ್ಕ: "ಬೆಳಗಾವ್ಯಾಗ ಸಮುದ್ರ ಎಲ್ಲೈತ್ರಿ ಮೇಡಂ?" ಅವನ ಮೇಜಿನ ಮೇಲಿದ್ದ ಚಹಾ ಕಪ್ಪು ಎತ್ತಿ ಒಗೆಯಬೇಕೆನಿಸಿತ್ತು.

ಮೂರನೆಯ ಬಂದರಿನಲ್ಲಿ, ನಾನು ನಾವಿಕರ ಸಂಘಕ್ಕೆ ಕಳಿಸಿದ್ದ ಇಮೇಲ್ ಓದಿ ಅಲ್ಲಿನವರೊಬ್ಬರು ಹಡಗು ಹತ್ತಿ ಎರಡೇ ತಾಸಿನಲ್ಲಿ ಕಾಕಾನನ್ನು ಇಳಿಸಿಕೊಂಡರು. ಎರಡು ತಾಸಿನ ಕೆಲಸಕ್ಕೆ ಐದು ವಾರ ಹಿಡಿದಿತ್ತು. ಕಣ್ಣು ಹೋಗಿಯಾಗಿತ್ತು.

ಒಂದೇ ಕಣ್ಣಿನವರನ್ನು ಮತ್ತೆ ಹಡಗಿಗೆ ತೆಗೆದುಕೊಳ್ಳಲಿಲ್ಲ. ಹಡಗಿಗೆ ಅದರ ಧ್ವಜದ ದೇಶದ ಕಾನೂನೇ ಅನ್ವಯವಂತೆ, ಹಾಗಾಗಿ ಕ್ಯಾಪ್ಟನ್ ಮೇಲೆ ಆ ದೇಶಕ್ಕೆ ದೂರು ಬರೆದೆವು. ಪ್ರತಿ ಉತ್ತರದಲ್ಲೂ ಇನ್ನೊಂದು ಕಾಗದ ಕೇಳುತ್ತಿದ್ದರು. ನಾನು ಬೈದುಕೊಳ್ಳುತ್ತಾ ಬರೆಯುತ್ತಿದ್ದೆ. "ಮತ್ತೊಮ್ಮೆ ಬರ್ಯೂಣ್ರಿ. ನನ್ನ ಹಿಂದ ಹೋಗಾವ್ರಿಗೆ ಆದ್ರೂ ಉಪಯೋಗ ಆಗ್ಲಿ" ಎನ್ನುತ್ತಿದ್ದರು ಕಾಕಾ. ಆ ಸಮಾಧಾನ ನನ್ನನ್ನು ಇನ್ನಷ್ಟು ರೇಗಿಸುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ: "ನಿಮಗ ಸಿಟ್ಟರ ಬರೂದಿಲ್ಲೇನ್ರಿ ಕಾಕಾ?" ಅವರು ಟವೆಲಿನಿಂದ ಆ ಕಣ್ಣನ್ನು ಒರೆಸಿಕೊಂಡರು. ಕೇಳಬಾರದಿತ್ತು...

ಹೋದ ಚಳಿಗಾಲದಲ್ಲಿ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ.

ಮೊನ್ನೆ ಕಾಕು ಒಂದು ಲಕೋಟೆ ತಂದರು. ಧ್ವಜದ ದೇಶದಿಂದ ಬಂದದ್ದು. ದೂರನ್ನು ವಿಚಾರಣೆಗೆ ತೆಗೆದುಕೊಂಡಿದ್ದಾರಂತೆ.

"ಏನಂತ ಬರದಾರ್ರಿ ಬಾಯಾರ?"

ಸಿಟ್ಟಿಗೆ ಕಾಗದವನ್ನು ಮಡಚಿ ಲಕೋಟೆಗೆ ತುರುಕಿದೆ. ಆದರೂ ಹೇಳಲೇಬೇಕಲ್ಲ.

"ಸಾಕ್ಷಿ ಹೇಳಾಕ ಕಾಕಾ ಅವರೇ ಖುದ್ದ ಬರಬೇಕಂತ್ರಿ."