ಒಳಗಿನಿಂದ ತೊಳೆದ ಕಾರು

ಸ್ನೇಹಿತರೇ, ಇವತ್ತಿನ ಖರ್ಚು ಇಷ್ಟು: ಹಳೆಯ ಕಾರಿನ ಇಂಜಿನ್ ಚಿಪ್‌ಗೆ ಹೊಸ ಪ್ರೋಗ್ರಾಂ ಬರೆಸಿದ್ದಕ್ಕೆ ನಲವತ್ತು ದಿನಾರ್, ಜೊತೆಗೆ ನನ್ನ ಆಯುಷ್ಯದಲ್ಲಿ ಎರಡು ವರ್ಷ.

ಕಾರು ನನ್ನದಲ್ಲ, ವೀಸಾ ಕೊಟ್ಟು ನನ್ನನ್ನು ಇಲ್ಲಿಗೆ ಕರೆಸಿಕೊಂಡ ಅರಬ್ ಧಣಿ, ಅಂದರೆ ಕಫೀಲರದ್ದು. ಅಂಗಡಿಯ ಓಡಾಟಕ್ಕೆ ಕೊಟ್ಟಿದ್ದರು, ಪೆಟ್ರೋಲ್ ನನ್ನ ಜೇಬಿನದು. ಅದು ಕುಡಿಯುವುದನ್ನು ನೋಡಲಾರದೆ, ಹೊಸ ಪ್ರೋಗ್ರಾಂ ಹಾಕಿಸಿದರೆ ಕಡಿಮೆಯಾದೀತೆಂದು, ಅವರಿಗೆ ಹೇಳದೆ ಶುವೈಖ್‌ನ ಗ್ಯಾರೇಜಿಗೆ ಒಯ್ದೆ. ಬಂಟ್ವಾಳದ ಹಮೀದ್ ಲ್ಯಾಪ್‌ಟಾಪ್ ಜೋಡಿಸಿ ಹಳೆಯ ಪ್ರೋಗ್ರಾಂ ಅಳಿಸಿದ. ಹೊಸದು ಅರ್ಧ ಏರುವಾಗ ಪರದೆ ನಿಂತೇಹೋಯಿತು.

"ಇದೆಂತ ಹಮೀದ್?"

"ಮುಟ್ಬೇಡಿ ಮಾರಾಯ್ರೆ. ಈಗ ವಯರ್ ಎಳೆದ್ರೆ ಚಿಪ್ ಖಲಾಸ್. ಮತ್ತೆ ಕಾರನ್ನು ದೂಡಿಕೊಂಡೇ ಹೋಗ್ಬೇಕು."

ಅದೇ ಹೊತ್ತಿಗೆ ಕಫೀಲರ ಫೋನ್. "ಕಾರು ಎಲ್ಲಿ? ಯಲ್ಲಾ, ಬೇಗ ಮನೆಗೆ ತಾ."

ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಉಳಿಯುವ ಪರವಾನಗಿಯ ಕಾಗದ, ಅವರ ಸಹಿಗೆ ಕಾಯುತ್ತಿತ್ತು. "ತೊಳೆಸುತ್ತಿದ್ದೇನೆ ಬಾಬಾ" ಎಂದೆ.

"ನಿಮ್ಮ ಕಫೀಲ್ ಜೋರಾ?" ಹಮೀದ್ ಕೇಳಿದ.

"ಹಿಂದಿನ ಡ್ರೈವರ್ ಬಾಗಿಲಿಗೆ ಒಂದು ಗೀರು ಹಾಕಿದ್ದ. ಈಗ ಊರಲ್ಲಿ ರಿಕ್ಷಾ ಓಡಿಸ್ತಾನೆ."

ಹಮೀದ್ ಬಿಸ್ಮಿಲ್ಲಾ ಎಂದು ಪರದೆಯನ್ನೇ ನೋಡುತ್ತ ಕುಳಿತ. ಎಷ್ಟೋ ಹೊತ್ತಿನ ಮೇಲೆ ಅದು ಮಿಸುಕಿತು, ಪೂರ್ತಿಯಾಯಿತು. ಕೀಲಿ ತಿರುಗಿಸಿದರೆ ಕಾರು ಹೊಸ ಮದುಮಗನ ಹಾಗೆ ಎದ್ದಿತು.

ಸಲ್ವಾದ ಕಫೀಲರ ಮನೆ ತಲುಪಿ ಇಳಿದಾಗಲೇ ಬಾನೆಟ್ ಮೇಲಿನ ಧೂಳು ಕಣ್ಣಿಗೆ ಬಿತ್ತು. ಕಫೀಲರು ಅದರ ಮೇಲೆ ಬೆರಳೆಳೆದು ನನ್ನನ್ನು ನೋಡಿದರು. ಕೀಲಿ ತೆಗೆದುಕೊಂಡು ಒಂದು ಸುತ್ತು ಓಡಿಸಿ ಬಂದರು.

"ಒಳಗಿನಿಂದ ತೊಳೆಸಿದ್ದೀಯ" ಎಂದರು. "ಇಷ್ಟು ಚೆನ್ನಾಗಿ ಓಡುವುದಾದರೆ ಮಗನಿಗೆ ಇರಲಿ."

ಹಮೀದನಿಗೆ ನಲವತ್ತು ದಿನಾರ್. ಕಫೀಲರ ಮಗನಿಗೆ ಕಾರು. ನನಗೆ ಇಕಾಮಾದ ಮೇಲೊಂದು ಸಹಿ, ಖೈತಾನ್‌ನ ನನ್ನ ರೂಮಿಗೆ ವಾಪಸ್ಸು ಬಸ್ಸು.