ಹೊಕ್ಕುಳಿನ ಮೇಲಿನ ಕಾಸು

ಮೈಮೇಲೆ ದೇವರು ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಭಕ್ತಿಯ ವಿಷಯಕ್ಕಲ್ಲ, ಕಸುಬಿನ ವಿಷಯಕ್ಕೆ. ನಾನು ಮಿಮಿಕ್ರಿ ಮಾಡುವವನು. ಹಲಸೂರಿನಿಂದ ಕೆ.ಆರ್. ಪುರದವರೆಗಿನ ಗಣೇಶನ ಪೆಂಡಾಲುಗಳಲ್ಲಿ, ಆರ್ಕೆಸ್ಟ್ರಾದ ಗಾಯಕಿ ನೀರು ಕುಡಿಯಲು ಹೋದಾಗ ಜನ ಎದ್ದು ಹೋಗದಂತೆ ಹಿಡಿದಿಡುವುದು ನನ್ನ ಕೆಲಸ. ಹಾಗಾಗಿ ನಮ್ಮ ಬೀದಿಯ ಅಮ್ಮನ ಗುಡಿಯ ಮುಂದೆ ಯಾರಾದರೂ ಕೂದಲು ಬಿಚ್ಚಿ ಹೂಂಕರಿಸಿದರೆ ಉಳಿದವರು ಕೈ ಮುಗಿಯುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ. ದೇವಿ ಯಾಕೆ ಮೂಗಿನಲ್ಲಿ ಮಾತಾಡಬೇಕು? ನಿಂಬೆಹಣ್ಣು ಕೇಳುವಾಗ ಇದ್ದ ಗಂಟಲು ಸೀರೆ ಕೇಳುವಾಗ ಯಾಕಿಲ್ಲ? ಹತ್ತಕ್ಕೆ ಮೂರು. ನನ್ನ ಹತ್ತಿರ ಒಂದು ವಾರ ಕಲಿತಿದ್ದರೆ ಐದಾದರೂ ಬರುತ್ತಿತ್ತು.

ಈಗ ನಾನು ಹೇಳುವುದನ್ನು ಓದಿ ನೀವೂ ನನಗೆ ಮೂರು ಕೊಟ್ಟರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ಕೊಡುತ್ತಿದ್ದೆ.

ಏಳೆಂಟು ವರ್ಷದ ಹಿಂದಿನ ಮಾತು. ಅಕ್ಕ ಚೊಚ್ಚಲ ಹೆಣ್ಣುಮಗು ಹೆತ್ತು, ಬಾಣಂತನಕ್ಕೆಂದು ಹಲಸೂರಿನ ನಮ್ಮ ಮನೆಗೆ ಬಂದಿದ್ದಳು. ಅಮ್ಮ ತೀರಿಹೋಗಿ ಆಗಲೇ ಮೂರು ವರ್ಷ. ಮನೆಯಲ್ಲಿ ಇದ್ದದ್ದು ನಾನು, ಮತ್ತು ಧಾರಾವಾಹಿಯಲ್ಲಿ ಸತ್ತವರಿಗೆಲ್ಲ ನಿಜವಾಗಿ ಅಳುವ ಅಜ್ಜಿ. ಆದ್ದರಿಂದ ಬಾಣಂತನದ ಸಂಪೂರ್ಣ ಅಧಿಕಾರ, ಮಾರತ್ತಹಳ್ಳಿಯಿಂದ ಎರಡು ಚೀಲ ಹೊತ್ತು ಬಂದಿಳಿದ ದೊಡ್ಡಮ್ಮನ ಕೈಗೆ ಹೋಯಿತು. ಅಮ್ಮನ ಅಕ್ಕ ಗೌರಮ್ಮ. ಅವಳ ಮನೆಯವರು ರಾಗಿ ಹೊಲ ಮಾರಿ ಬಾಡಿಗೆ ಮನೆಗಳನ್ನು ಕಟ್ಟಿಸಿದ ಮೇಲೆ ಆಕೆಗೆ ಗೇಯಲು ಏನೂ ಉಳಿದಿರಲಿಲ್ಲ. ನೆಂಟರ ಮನೆಯ ಹೆರಿಗೆಗಳ ಮೇಲೆಯೇ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತಿದ್ದಳು.

ಜಗಳ ಶುರುವಾದದ್ದು ಒಂದು ಹೆಬ್ಬೆರಳಿನ ಉಗುರಿನಷ್ಟು ಉದ್ದದ ವಸ್ತುವಿನಿಂದ. ಮಗುವಿನ ಹೊಕ್ಕುಳಲ್ಲಿ ಉಳಿದಿದ್ದ ಬಳ್ಳಿಯ ತುಂಡು. ಆಸ್ಪತ್ರೆಯಿಂದ ಕಳಿಸುವಾಗ ನರ್ಸಮ್ಮ ಹೇಳಿದ್ದು ಇಷ್ಟೇ. "ನೋಡೀಮ್ಮ, ಡ್ರೈ ಆಗಿರ್ಬೇಕು. ಎಣ್ಣೆ ಬೇಡ, ಬೂದಿ ಬೇಡ, ಪೌಡರ್ ಬೇಡ. ಲಂಗೋಟಿ ಹೊಕ್ಕುಳಿಗಿಂತ ಕೆಳಗೆ ಕಟ್ಟಿ, ಗಾಳಿ ಆಡ್ಲಿ. ತಾನಾಗೇ ಬೀಳತ್ತೆ, ಯಾರೂ ಎಳೀಬೇಡಿ."

"ಇವಳಿಗೆಷ್ಟು ಮಕ್ಕಳಂತೆ?" ಎಂದಳು ದೊಡ್ಡಮ್ಮ, ಮನೆ ಸೇರಿದ ಕೂಡಲೇ. "ನಾಲ್ಕು ಹೆತ್ತೋಳು ನಾನು, ನಂಗೇ ಹೇಳ್ಕೊಡ್ತಾಳೆ. ಬಜೆ ಸುಟ್ಟ ಬೂದೀನ ಹರಳೆಣ್ಣೇಲಿ ಕಲಸಿ ಹಚ್ಚಿ, ಮೇಲೊಂದು ಕಾಸಿಟ್ಟು ಕಟ್ಟದಿದ್ರೆ ಹೊಕ್ಕುಳು ಬುಗುಟೆ ಥರ ಎದ್ದು ನಿಂತ್ಕೊಳ್ಳತ್ತೆ. ಹೆಣ್ಣುಮಗು ಕಣೇ, ನಾಳೆ ಸೀರೆ ಉಡೋದ್ ಬೇಡ್ವಾ?"

ಆರು ದಿನದ ಕೂಸಿನ ಸೀರೆಯ ಚಿಂತೆ ನೋಡಿ. ಅಕ್ಕ ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಲೋ, ನಾನು ಮಲಗಿದ್ದಾಗ ನೀನು ಕಣ್ಣಿಟ್ಟಿರೋ. ದೊಡ್ಡಮ್ಮ ಏನಾದ್ರೂ ಹಚ್ಚಿಬಿಡ್ತಾಳೆ, ನಂಗೆ ಭಯ" ಎಂದಳು.

"ಹೊಕ್ಕುಳಿಗೆ ವಾಚ್‌ಮನ್ನಾ? ಯೂನಿಫಾರ್ಮ್ ಕೊಡ್ಸು ಮತ್ತೆ" ಎಂದೆ. ಆದರೂ ಒಪ್ಪಿಕೊಂಡೆ.

ನನ್ನ ಕಾವಲಿನ ಬಗ್ಗೆ ಎರಡು ಮಾತು ಹೇಳಬೇಕು. ದೊಡ್ಡಮ್ಮ ಮಗುವಿಗೆ ನೀರು ಹಾಕುತ್ತಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ. ನಾನು ಏಳುತ್ತಿದ್ದದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಮಗು ಸಾಂಬ್ರಾಣಿ ಹೊಗೆ ಕುಡಿದು, ಅಜ್ಜಿಯ ಹಳೇ ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ತೊಟ್ಟಿಲಲ್ಲಿರುತ್ತಿತ್ತು. ಹಾಗೆ ಸುತ್ತಿ ಮಲಗಿಸಿದ ಕೂಸನ್ನು ತಾನಾಗಿ ಎದ್ದು ಅಳುವವರೆಗೆ ಬಿಚ್ಚಕೂಡದು, ಬಿಚ್ಚಿದರೆ ಮೈ ಸಡಿಲವಾಗುತ್ತದೆ ಎನ್ನುವುದು ದೊಡ್ಡಮ್ಮನ ಇನ್ನೊಂದು ಕಾನೂನು. ಹೊಟ್ಟೆಗೆ ಒಂದು ಪಟ್ಟಿ ಕಟ್ಟಿದ್ದನ್ನು ಅಕ್ಕ ಕೇಳಿದಾಗ, "ಶೀತ ಆಗ್ದಿರ್ಲಿ ಅಂತ" ಎಂಬ ಉತ್ತರ ಬಂತು. ಸಂಜೆ ಲಂಗೋಟಿ ಬದಲಿಸಿ ಮತ್ತೆ ಬಿಗಿಯುವಾಗ ನಾನೂ ಆ ಪಟ್ಟಿಯನ್ನು ನೋಡಿದ್ದೆ. ನೋಡಿ, ದೊಡ್ಡಮ್ಮ ಅದನ್ನು ಕಟ್ಟುವಾಗ ಹಲ್ಲು ಕಚ್ಚುವ ಭಂಗಿಯನ್ನು ಅನುಕರಣೆ ಮಾಡಿ ತೋರಿಸಿ, ಎಲ್ಲರನ್ನೂ ನಗಿಸಿ, ಕಾವಲು ಮುಗಿಸಿದ್ದೆ.

ಮನೆಗೆ ಬಂದ ನಾಲ್ಕನೆಯ ದಿನ ಮಧ್ಯಾಹ್ನ. ಊಟವಾಗಿತ್ತು. ಮಗು ಹತ್ತಕ್ಕೆ ಮಲಗಿದ್ದು ಎರಡೂವರೆಯಾದರೂ ಎದ್ದಿರಲಿಲ್ಲ.

"ಬೆಳಿಗ್ಗೇನೂ ಸರಿಯಾಗಿ ಕುಡೀಲಿಲ್ಲ ದೊಡ್ಡಮ್ಮ, ಎಬ್ಬಿಸ್ಲಾ?" ಅಕ್ಕ ಮೂರನೇ ಸಲ ಕೇಳಿದಳು.

"ಎಣ್ಣೆ ನೀರಿನ ನಿದ್ದೆ ಕಣೇ. ಪುಣ್ಯವಂತ ಮಗು. ಸುಮ್ನಿರು."

ಅಕ್ಕನ ಮುಖ ಸಪ್ಪಗಿತ್ತು. ನಗಿಸೋಣ ಎಂದು ಎದ್ದು ನಿಂತೆ. ಮೊದಲು ನರ್ಸಮ್ಮನನ್ನು ಮಾಡಿದೆ. ಆಮೇಲೆ ದೊಡ್ಡಮ್ಮನ ಎದುರಿಗೇ ದೊಡ್ಡಮ್ಮನನ್ನು ಮಾಡಿದೆ. "ನಿನ್ ನಾಲಿಗೆಗೆ ಹುಳ ಬೀಳ" ಎಂದು ಬೈಯುತ್ತಲೇ ಆಕೆಯೂ ನಕ್ಕಳು. "ಈಗ ನಿಮ್ ಕಾಲದ ಸೂಲಗಿತ್ತಿ ಹೆಂಗಿರ್ತಿದ್ಳು ಅಂತ ತೋರಿಸ್ತೀನಿ" ಎಂದು ಟವೆಲನ್ನು ತಲೆಗೆ ಹೊದ್ದು ಕುಕ್ಕರಗಾಲಿನಲ್ಲಿ ಕುಳಿತೆ. ನಾನು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಸೂಲಗಿತ್ತಿ ಎನ್ನುವವಳನ್ನು ಕಣ್ಣಲ್ಲಿ ಕಂಡವನಲ್ಲ. ಮನಸ್ಸಿನಲ್ಲಿದ್ದದ್ದು, ಬೂದಿ ಹಾಕಿ, ಸಗಣಿ ಹಾಕಿ, ಸಾಲದಿದ್ದರೆ ಇಟ್ಟಿಗೆ ಕಟ್ಟಿ ಎನ್ನುವ ಅಗ್ಗದ ತಮಾಷೆ.

ಬಾಯಿ ತೆರೆದೆ. ಬಂದದ್ದು ಬೇರೆ.

"ಗೌರೀ, ಆ ಕಾಸು ಬಿಚ್ಚು, ಕಣ್ಣು. ಕೂಸಿಗೆ ಅಳೋಕೂ ಶಕ್ತಿ ಇಲ್ಲ."

ಧ್ವನಿ ಬದಲಿಸುವವನಿಗೆ ಅದು ಗಂಟಲಿನ ಯಾವ ಭಾಗದಿಂದ ಹೊರಟಿತು ಎಂಬುದು ಯಾವಾಗಲೂ ತಿಳಿದಿರುತ್ತದೆ. ಬಡಗಿಗೆ ಉಳಿ ಎಲ್ಲಿದೆ ಎಂದು ತಿಳಿದಿರುವ ಹಾಗೆ. ಆ ಮಾತು ಎಲ್ಲಿಂದ ಹೊರಟಿತೋ ನನಗೆ ತಿಳಿಯಲಿಲ್ಲ. ಕಫ ಕಟ್ಟಿದ, ನಿಧಾನವಾದ, ಸ್ವಲ್ಪವೂ ಕೋಪವಿಲ್ಲದ ಮುದುಕಿಯ ಕಂಠ. ಕೊನೆಗೆ ನಾಲಿಗೆ ಅಂಗುಳಕ್ಕೆ ತಾಗಿ ಟಕ್ ಎಂದಿತು. ಅಷ್ಟೇ. ಮೈ ನಡುಗಲಿಲ್ಲ, ಕಣ್ಣು ಕತ್ತಲಾಗಲಿಲ್ಲ. ಗುಡಿಯ ಮುಂದಿನವರು ಮಾಡುವ ಯಾವುದೂ ಆಗಲಿಲ್ಲ.

ಅಕ್ಕ ನಗಲು ಶುರುಮಾಡಿ ನಿಲ್ಲಿಸಿದಳು. "ಯಾವ ಕಾಸು?"

ದೊಡ್ಡಮ್ಮ ಎದ್ದಳು. ನಾನು ಮಾತಾಡುವಾಗ ಜನ ಎದ್ದು ಹೋಗಿದ್ದು ಅದೇ ಮೊದಲಲ್ಲ, ಆದರೆ ಹೇಳಿದ್ದನ್ನು ಮಾಡಲು ಹೋಗಿದ್ದು ಅದೇ ಮೊದಲು. ತೊಟ್ಟಿಲಿನಿಂದ ಮಗುವನ್ನೆತ್ತಿ ಚಾಪೆಯ ಮೇಲಿಟ್ಟು ಸುತ್ತಿದ್ದ ಬಟ್ಟೆಯನ್ನು, ಆಮೇಲೆ ಹೊಟ್ಟೆಯ ಪಟ್ಟಿಯನ್ನು ಬಿಚ್ಚಿದಳು. ಒಂದು ಹಳೇ ತಾಮ್ರದ ಕಾಸು ಉರುಳಿತು. ಅದರ ಕೆಳಗೆ ಕಪ್ಪು ಬೂದಿಯ ಹಸಿ ಮುದ್ದೆ. ಹೊಕ್ಕುಳಿನ ಸುತ್ತ ಅಂಗೈ ಅಗಲ ಕೆಂಪಗೆ ಊದಿತ್ತು. ವಾಸನೆ ಬರುತ್ತಿತ್ತೆಂದು ಅಕ್ಕ ಆಮೇಲೆ ಹೇಳಿದಳು. ಇಷ್ಟೆಲ್ಲ ಎಳೆದಾಡಿದರೂ ಮಗು ಅಳಲಿಲ್ಲ, ಬಾಯನ್ನು ಮಾತ್ರ ಸ್ವಲ್ಪ ತೆರೆದು ಮುಚ್ಚಿತು. ಅಕ್ಕ ಕಿರುಚಿದ್ದು ಆಗ.

ಆಟೋದಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಇದ್ದಳು. ಡಾಕ್ಟರು ನೋಡಿದ ಕೂಡಲೇ ಒಳಗೆ ಸೇರಿಸಿಕೊಂಡು, ನಂಜು ರಕ್ತಕ್ಕೆ ಇಳಿಯುತ್ತಿದೆ ಎಂದರು. ಮೂರು ದಿನ ಏನೂ ಹೇಳಲಾಗುವುದಿಲ್ಲ ಎಂದರು. ಹನ್ನೆರಡು ದಿನ ಇಂಜೆಕ್ಷನ್ನು ಕೊಟ್ಟರು. ಉಳಿಯಿತು. ಕಳಿಸುವಾಗ ಡಾಕ್ಟರು, "ಸರಿಯಾದ ಟೈಮಿಗೆ ಬಂದ್ರಿ. ಯಾರು ಬಿಚ್ಚಿ ನೋಡಿದ್ದು?" ಎಂದು ಕೇಳಿದರು. ಬಾಯಿ ಮುಚ್ಚದ ನಮ್ಮ ವಂಶದವರೆಲ್ಲ ಒಟ್ಟಿಗೆ ಔಷಧಿಯ ಚೀಟಿ ಓದತೊಡಗಿದೆವು.

ಅದು ಕನ್ನಿಯಮ್ಮನ ಕಂಠ ಎಂದು ಹೇಳಿದ್ದು ಅಜ್ಜಿ. ದೊಡ್ಡಮ್ಮನೂ ನಮ್ಮ ಅಮ್ಮನೂ ಹುಟ್ಟಿದಾಗ ಅಜ್ಜಿಗೆ ಹೆರಿಗೆ ಮಾಡಿಸಿದ, ಹಲಸೂರು ಕೆರೆಯ ಕಡೆಯ ತಮಿಳು ಸೂಲಗಿತ್ತಿ. ನಾನು ಹುಟ್ಟುವ ಮುಂಚೆಯೇ ಸತ್ತವಳು. ತಮಿಳರ ಮುದ್ದಿನ ಮಾತಿನಲ್ಲಿ ಎಲ್ಲರನ್ನೂ ಕಣ್ಣು ಎಂದು ಕರೆಯುತ್ತಿದ್ದಳಂತೆ, ಮಾತಿನ ಕೊನೆಗೆ ಟಕ್ ಎನ್ನುತ್ತಿದ್ದಳಂತೆ. ನಾನು ಒಪ್ಪಲಿಲ್ಲ. ನಮ್ಮ ಬೀದಿಯಲ್ಲಿ ಅರ್ಧ ಜನ ಕಣ್ಣು ಎನ್ನುತ್ತಾರೆ. ಅಜ್ಜಿಯ ಸಾಕ್ಷಿಗೆ ಎಷ್ಟು ಬೆಲೆ? ಧಾರಾವಾಹಿಯ ಅತ್ತೆ ನಿಜವಾಗಿ ಜೈಲಿಗೆ ಹೋಗಿದ್ದಾಳೆಂದು ನಂಬಿದ್ದವಳು ಆಕೆ.

ನಿಮಗೆ ಹೊಳೆಯುತ್ತಿರುವ ವಿವರಣೆಗಳೆಲ್ಲ ನನಗೂ ಹೊಳೆದಿವೆ, ದಯವಿಟ್ಟು ಬುದ್ಧಿವಂತರಂತೆ ಮುಖ ಮಾಡಬೇಡಿ. ಪಟ್ಟಿ ನೋಡಿದ್ದೆ, ಕಾಸಿನ ಮಾತು ಕೇಳಿದ್ದೆ, ಒಳಗೊಳಗೇ ಲೆಕ್ಕ ಕೂಡಿರಬಹುದು. ಆಗಲಿ. ಹಾಗಾದರೆ, ಎಲ್ಲ ತಿಳಿದಿದ್ದೂ ನಾಲ್ಕು ದಿನ ಹಲ್ಲು ಕಿರಿದುಕೊಂಡು ಕೂತಿದ್ದೆ ಎಂದಾಯಿತು. ದೆವ್ವಕ್ಕಿಂತ ಅದು ಅಸಹ್ಯ. ವಾಸನೆ ಬಡಿದಿರಬಹುದು ಎಂದರೆ, ನನಗವತ್ತು ನೆಗಡಿ, ಸಾಂಬ್ರಾಣಿಯ ವಾಸನೆಯೂ ತಿಳಿದಿರಲಿಲ್ಲ. ಕನ್ನಿಯಮ್ಮನ ಧಾಟಿಯನ್ನು ಚಿಕ್ಕಂದಿನಲ್ಲಿ ಯಾರಾದರೂ ಆಡಿ ತೋರಿಸಿದ್ದರೇ ಎಂದು ಕೇಳಿದೆ. ಅಂಥ ಚೇಷ್ಟೆ ಮಾಡುವವನು ಮನೆಯಲ್ಲಿ ನೀನೊಬ್ಬನೇ ಎಂದರು.

ಮಗುವಿಗೆ ಹೆಸರಿಟ್ಟ ಮಾರನೆಯ ದಿನ ದೊಡ್ಡಮ್ಮ ಊರಿಗೆ ಹೊರಟಳು. ಆಸ್ಪತ್ರೆಯಿಂದ ಬಂದ ಮೇಲೆ ಮಗುವನ್ನು ಆಕೆ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಅಕ್ಕ ಕೊಟ್ಟಿರಲೂ ಇಲ್ಲ. ಚೀಲಗಳನ್ನು ಬಾಗಿಲಲ್ಲಿಟ್ಟು, ನನ್ನನ್ನು ಹಿತ್ತಲಿಗೆ ಕರೆದಳು.

"ಲೋ, ಇನ್ನೊಂದ್ಸಲ ಅವಳನ್ನ ಕರಿಯೋ."

"ಯಾರನ್ನ ದೊಡ್ಡಮ್ಮ?"

"ಕನ್ನಿಯಮ್ಮನ್ನ. ನನ್ ಮೇಲೆ ಕೋಪ ಇದ್ಯಾ ಅಂತ ಒಂದ್ ಮಾತು ಕೇಳು. ಸಾಕು."

ಅದಕ್ಕಿಂತ ಸುಲಭದ ಕೆಲಸ ನನ್ನ ಕಸುಬಿನಲ್ಲಿಲ್ಲ. ಒಂದಿಷ್ಟು ಕಫ, ಒಂದು ಟಕ್, "ಇಲ್ಲ ಕಣ್ಣು" ಎಂಬ ಎರಡು ಪದ. ದೊಡ್ಡಮ್ಮನಿಗೆ ಅಷ್ಟು ಸಾಕಿತ್ತು, ಮನೆಗೆ ನೆಮ್ಮದಿಯಾಗಿ ಹೋಗುತ್ತಿದ್ದಳು. ನಾನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತೆ. ಬಾಯಿ ತೆರೆದೆ. ಕನ್ನಿಯಮ್ಮನ ಕಂಠವೂ ಬರಲಿಲ್ಲ, ನನ್ನದೂ ಬರಲಿಲ್ಲ. ದೊಡ್ಡಮ್ಮ ಬಹಳ ಹೊತ್ತು ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬಿಡಪ್ಪ" ಎಂದು ಚೀಲ ಎತ್ತಿಕೊಂಡಳು.

ಸುಳ್ಳು ಧ್ವನಿಯಲ್ಲಿ ಮಾತಾಡಲು ನನಗೆ ಯಾವತ್ತೂ ನಾಚಿಕೆಯಾದದ್ದಿಲ್ಲ. ಅವತ್ತು ಆ ಎರಡು ಪದ ಯಾಕೆ ಹೊರಡಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.